ಸೋವಿಯತ್ ಯುದ್ಧವಿಮಾನದ ಮಾಡೆಲ್‌ಗೆ ಯಾವ ಹಸಿರು ಬಳಿಯಬೇಕು?

ಎರಡನೇ ಮಹಾಯುದ್ಧದ ಸೋವಿಯತ್ ವಿಮಾನಗಳ ಮಾಡೆಲ್ ಕಟ್ಟುವವರು ನನ್ನನ್ನು ಕಂಡಾಗಲೆಲ್ಲ ಕೇಳುವ ಪ್ರಶ್ನೆ ಒಂದೇ: "ಸರ್, ಯಾಕ್ ವಿಮಾನಕ್ಕೆ ಸರಿಯಾಗಿ ಹೊಂದುವ ಹಸಿರು ಯಾವ ಕಂಪನಿಯದು?" ಕಂಪನಿಯ ಹೆಸರು ಹೇಳುವ ಮೊದಲು ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ಆ ವಿಮಾನ ಕಾರ್ಖಾನೆಯಿಂದ ಹೊರಬಂದದ್ದು ಯಾವಾಗ, ಮತ್ತು ಅದರ ಯಾವ ಭಾಗ ಮರದ್ದು, ಯಾವ ಭಾಗ ಲೋಹದ್ದು? ಇವು ಗೊತ್ತಿಲ್ಲದೆ ಎಷ್ಟು ದುಬಾರಿ ಡಬ್ಬಿ ತಂದರೂ ಅದು ಅಂದಾಜಿನ ಬಣ್ಣವೇ.

1941ರ ಬೇಸಿಗೆಯಿಂದ ಫೈಟರ್ ವಿಮಾನಗಳ ಮೇಲ್ಭಾಗಕ್ಕೆ ಎಎಂಟಿ-4 ಎಂಬ ಹಸಿರು ಮತ್ತು ಎಎಂಟಿ-6 ಎಂಬ ಕಪ್ಪು, ಅಡಿಭಾಗಕ್ಕೆ ಎಎಂಟಿ-7 ಎಂಬ ತಿಳಿನೀಲಿ ಬಳಕೆಯಲ್ಲಿತ್ತು. 1943ರ ಜುಲೈಯಲ್ಲಿ ಬಂದ ಆದೇಶ ಫೈಟರ್‌ಗಳ ಮೇಲ್ಭಾಗವನ್ನು ಬದಲಾಯಿಸಿತು: ಎಎಂಟಿ-11 ಎಂಬ ನೀಲಿ ಬೆರೆತ ಬೂದು, ಅದರ ಮೇಲೆ ಎಎಂಟಿ-12 ಎಂಬ ಗಾಢ ಬೂದು. ಹಾಗಾಗಿ 1944ರಲ್ಲಿ ತಯಾರಾದ ಯಾಕ್-9 ಕಟ್ಟುವವರಿಗೆ ಸಾಮಾನ್ಯವಾಗಿ ಹೊರಮೈಗೆ ಹಸಿರೇ ಬೇಕಾಗುವುದಿಲ್ಲ. ನೆಲಕ್ಕೆ ಹತ್ತಿರವಾಗಿ ಹಾರಿ ದಾಳಿ ಮಾಡುತ್ತಿದ್ದ ಇಲ್-2 ವಿಮಾನದಲ್ಲಿ ಹಸಿರು ಉಳಿಯಿತು. ಅದರ ಜೊತೆಗೆ ಎಎಂಟಿ-1 ಎಂಬ ತಿಳಿ ಕಂದು ಮತ್ತು ಗಾಢ ಬೂದು ಸೇರಿ ಮೂರು ಬಣ್ಣಗಳಾದವು. ಆದೇಶ ಹೊರಟ ದಿನವೇ ಎಲ್ಲ ವಿಮಾನಗಳೂ ಬಣ್ಣ ಬದಲಿಸಿದವೆಂದು ತಿಳಿಯಬಾರದು. ಕುರ್ಸ್ಕ್ ಕದನ ಆರಂಭವಾದದ್ದು 1943ರ ಜುಲೈ 5ರಂದು, ಅಲ್ಲಿ ಹಾರಿದ ಹೆಚ್ಚಿನ ವಿಮಾನಗಳು ಅದಕ್ಕೂ ಮೊದಲೇ ತಯಾರಾದವು. ಆದ್ದರಿಂದ ಆದೇಶದ ತಿಂಗಳನ್ನು ಮಾತ್ರ ನೋಡಿ ಅವಕ್ಕೆಲ್ಲ ಬೂದು ಬಳಿಯುವುದು ಸರಿಯಲ್ಲ.

ಹೆಚ್ಚಿನವರು ಗಮನಿಸದೆ ಬಿಡುವುದು ಎರಡನೆಯ ಪ್ರಶ್ನೆಯನ್ನು, ನನಗೆ ಅತಿ ಮುಖ್ಯವೆನಿಸುವುದೂ ಅದೇ. ಅಲ್ಯೂಮಿನಿಯಂ ಕೊರತೆಯಿದ್ದ ಆ ದೇಶದಲ್ಲಿ ಫೈಟರ್‌ಗಳ ದೊಡ್ಡ ಭಾಗ ಮರ, ಪ್ಲೈವುಡ್ ಮತ್ತು ಬಟ್ಟೆಯಿಂದ ಆಗಿತ್ತು. ಎಎಂಟಿ ಸರಣಿಯ ಬಣ್ಣಗಳು ಮರ ಮತ್ತು ಬಟ್ಟೆಗೆಂದು ತಯಾರಾದ, ಹೊಳಪಿಲ್ಲದ ನೈಟ್ರೋ ಲ್ಯಾಕರ್‌ಗಳು. ಲೋಹದ ಭಾಗಗಳಿಗೆ ಎ-24ಎಂ ಹಸಿರು, ಎ-26ಎಂ ಕಪ್ಪು, ಎ-28ಎಂ ನೀಲಿ ಎಂಬ ಎಣ್ಣೆ ಆಧಾರಿತ ಬಣ್ಣಗಳು ಬೇರೆಯೇ ಇದ್ದವು. ಎರಡೂ ಒಂದೇ ಬಣ್ಣವಾಗಿ ಕಾಣಬೇಕೆಂಬುದು ಉದ್ದೇಶವಾಗಿತ್ತಾದರೂ, ನೈಟ್ರೋ ಲ್ಯಾಕರ್ ಮತ್ತು ಎಣ್ಣೆ ಬಣ್ಣ ಬಿಸಿಲು ಮಳೆಗೆ ಒಂದೇ ರೀತಿ ಸವೆಯುವುದಿಲ್ಲ. ಎಂಜಿನ್ ಮುಚ್ಚುವ ಲೋಹದ ಹೊದಿಕೆ ಮುಗಿದು ಪ್ಲೈವುಡ್ ಮೈ ಶುರುವಾಗುವ ಗೆರೆಯಲ್ಲೇ ಈ ಎರಡು ಬಣ್ಣಗಳು ಪರಸ್ಪರ ತಾಗುತ್ತವೆ. ಅಲ್ಲಿ ನಾನು ಎಂಜಿನ್ ಹೊದಿಕೆಯ ಹಸಿರಿಗೆ ಒಂದೆರಡು ಹನಿ ಬೇರೆ ಛಾಯೆ ಸೇರಿಸಿ, ಒಂದಿಷ್ಟು ಹೊಳಪು ಉಳಿಸಿ, ಹಿಂದಿನ ಮೈಯನ್ನು ಪೂರ್ತಿ ಮಂಕಾಗಿಸುತ್ತೇನೆ. ನೋಡುವವರಿಗೆ ಕಾರಣ ಗೊತ್ತಾಗದಿದ್ದರೂ ಮಾಡೆಲ್ ನಿಜವಾದ ವಿಮಾನದಂತೆ ಕಾಣತೊಡಗುತ್ತದೆ. ಬಣ್ಣದ ಹೆಸರಿಗಿಂತ ಈ ಗೆರೆಯ ಮೇಲೆ ಶ್ರಮ ಹಾಕಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಲಾ-5 ಎಂಬ ಸೋವಿಯತ್ ಫೈಟರ್‌ನ ನನ್ನ ಮೊದಲ ಮಾಡೆಲ್‌ಗೆ ಪೆಟ್ಟಿಗೆಯೊಳಗಿನ ಚೀಟಿಯನ್ನು ನಂಬಿ ಎಳೆ ಹುಲ್ಲಿನಂತಹ ಹಸಿರು ಬಳಿದಿದ್ದೆ. ವಿಮಾನವೆಲ್ಲ ಆಟಿಕೆಯಂತೆ ಹೊಳೆಯಿತು, ಕೊನೆಗೆ ಅಷ್ಟನ್ನೂ ಥಿನ್ನರ್ ಹಾಕಿ ಒರೆಸಿ ತೆಗೆದೆ. ಎಎಂಟಿ-4 ಹಳದಿಯತ್ತ ವಾಲಿದ, ಪಾಚಿಗೆ ಹತ್ತಿರವಾದ ಮಂಕು ಹಸಿರು.

ಹಳೆಯ ಫೋಟೋ ನೋಡಿ ಬಣ್ಣ ನಿರ್ಧರಿಸುತ್ತೇವೆ ಎನ್ನುವವರು ಎಚ್ಚರ ವಹಿಸಬೇಕು. ಹಳೆಯ ಕಪ್ಪು-ಬಿಳುಪು ಫೋಟೋಗಳಿಗೆ ಬಳಸುತ್ತಿದ್ದ ಆರ್ಥೋಕ್ರೊಮ್ಯಾಟಿಕ್ ಎಂಬ ಬಗೆಯ ಫಿಲ್ಮ್ ಕೆಂಪು ಬೆಳಕಿಗೆ ಸ್ಪಂದಿಸುವುದಿಲ್ಲ, ಆದ್ದರಿಂದ ಕೆಂಪು ನಕ್ಷತ್ರ ಅದರಲ್ಲಿ ಕಪ್ಪಾಗಿ ಕಾಣುತ್ತದೆ, ನೀಲಿ ಇದ್ದುದಕ್ಕಿಂತ ತಿಳಿಯಾಗಿ ಕಾಣುತ್ತದೆ. ಹಾಗಾಗಿ ಫೋಟೋದಲ್ಲಿ ನಂಬಬೇಕಾದದ್ದು ಯಾವ ಬಣ್ಣ ಎಲ್ಲಿ ಮುಗಿಯುತ್ತದೆ ಎಂಬ ಅಂಚನ್ನು, ಛಾಯೆಯನ್ನಲ್ಲ. 1948ರ ಸೋವಿಯತ್ ಬಣ್ಣ-ಮಾದರಿಗಳ ಸಂಪುಟವೊಂದಿದೆ. ಇಂದಿನ ಬಣ್ಣಗಳನ್ನು ಅದರೊಂದಿಗೆ ಹೋಲಿಸುವವರು ಕಾಗದದ ಮೇಲಿನ ಹಳೆಯ ಬಣ್ಣಕ್ಕೂ ವಯಸ್ಸಾಗುತ್ತದೆ ಎಂಬುದನ್ನು ಮರೆಯಬಾರದು.

ಅಮೆರಿಕದಿಂದ ಬಂದ ಐರಾಕೋಬ್ರಾ ಎಂಬ ಫೈಟರ್ ವಿಮಾನಗಳ ವಿಷಯ ಸುಲಭ: ಅವು ಸಾಮಾನ್ಯವಾಗಿ ತಮ್ಮ ಅಮೆರಿಕನ್ ಆಲಿವ್ ಡ್ರ್ಯಾಬ್ ಬಣ್ಣದಲ್ಲೇ ಹಾರಿದವು, ನಕ್ಷತ್ರ ಮಾತ್ರ ಸೋವಿಯತ್ತಿನದು.

ಇನ್ನು ಡಬ್ಬಿಯ ವಿಷಯ. ಅಕಾನ್, ಎಂಆರ್‌ಪಿ, ಎಕೆ ಇಂಟರಾಕ್ಟಿವ್ ಮುಂತಾದವರು ಎಎಂಟಿ ಹೆಸರಿನಲ್ಲೇ ಬಣ್ಣ ತಯಾರಿಸುತ್ತಾರೆ, ಆದರೆ ಇಬ್ಬರ ಎಎಂಟಿ-11 ಪಕ್ಕಪಕ್ಕ ಇಟ್ಟರೆ ಒಂದೇ ಆಗಿರುವುದಿಲ್ಲ. ಒಂದೇ ವಿಮಾನದ ಎಲ್ಲ ಬಣ್ಣಗಳನ್ನೂ ಒಬ್ಬ ತಯಾರಕರಿಂದಲೇ ಕೊಳ್ಳಿ. ಬಣ್ಣಗಳ ನಡುವಿನ ಅಂತರವಾದರೂ ಹೊಂದಿಕೊಂಡಿರುತ್ತದೆ. ಮಾಡೆಲ್‌ಗೆ ಬಳಿಯುವ ಮೊದಲು ಬಣ್ಣವನ್ನು ಪರೀಕ್ಷಿಸಲು, ಬಿಳಿ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಬೂದು ಪ್ರೈಮರ್ ಹಾಕಿ, ಅದರ ಮೇಲೆ ಏರ್‌ಬ್ರಷ್‌ನಿಂದ ಬಣ್ಣ ಬಳಿದು ಒಂದು ರಾತ್ರಿ ಒಣಗಲು ಬಿಡಿ. ಬೆಳಿಗ್ಗೆ ಅವನ್ನು ಕಿಟಕಿಯ ಬಳಿ ನೇರ ಬಿಸಿಲಿಲ್ಲದ ಬೆಳಕಿನಲ್ಲಿ, ತೋಳಿನಷ್ಟು ದೂರದಲ್ಲಿ ಹಿಡಿದು ನೋಡಿ. ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸಬೇಡಿ. 1:72, ಅಂದರೆ ನಿಜವಾದ ವಿಮಾನದ ಎಪ್ಪತ್ತೆರಡರಲ್ಲಿ ಒಂದರಷ್ಟು ಅಳತೆಯಲ್ಲಿ ಗಾಢ ಬಣ್ಣ ಇನ್ನೂ ಗಾಢವಾಗಿ ಕಾಣುವುದರಿಂದ ನಾನು ಎಎಂಟಿ-6 ಕಪ್ಪಿಗೆ ಒಂದಿಷ್ಟು ಬೂದು ಸೇರಿಸಿ, ಮತ್ತೊಂದು ಚಮಚಕ್ಕೆ ಬಳಿದು, ಮೊದಲಿನದರ ಪಕ್ಕದಲ್ಲಿಟ್ಟು ನೋಡುತ್ತೇನೆ.