ಎರಡು ಸಿಡಿಲು, ಒಂದು ರೈಲು: ಮೊದಲು ಬಡಿದದ್ದು ಯಾವುದು?

ಬಿಎಸ್ಸಿ ಮಕ್ಕಳಿಗೆ ಸಾಪೇಕ್ಷತೆಯ ಪಾಠ ಶುರು ಮಾಡಿದ ವಾರವೇ ಈ ಪ್ರಶ್ನೆ ಬರುತ್ತದೆ. ಐನ್‌ಸ್ಟೈನ್ ಅವರ ರೈಲಿನ ಉದಾಹರಣೆ ಗೊತ್ತಲ್ವಾ? ಓಡುವ ರೈಲಿನ ಎರಡೂ ತುದಿಗೆ ಸಿಡಿಲು ಬಡಿಯುತ್ತದೆ. ಹಳಿ ಪಕ್ಕ ನಿಂತವರ ಲೆಕ್ಕದಲ್ಲಿ ಎರಡೂ ಒಂದೇ ಹೊತ್ತಿಗೆ. ರೈಲಿನಲ್ಲಿ ಕೂತವರ ಲೆಕ್ಕದಲ್ಲಿ ಮುಂದಿನ ತುದಿಗೆ ಮೊದಲು. "ಮೇಡಂ, ಅದೆಲ್ಲ ಸರಿ. ನಿಜವಾಗಿ ಏನಾಯ್ತು?"

ಜಾಸ್ತಿ ಜನ ಒಂದು ಸಮಾಧಾನ ಹೇಳಿಕೊಂಡಿರುತ್ತಾರೆ. ರೈಲು ಮುಂದಿನ ಮಿಂಚಿನ ಕಡೆಗೇ ಓಡುತ್ತಿದೆ, ಅದಕ್ಕೇ ಅದು ಬೇಗ ಕಾಣುತ್ತದೆ, ಅಷ್ಟೇ ಅಂತ. ಆದರೆ ಬೆಳಕು ಕಣ್ಣಿಗೆ ಬರಲು ಹಿಡಿದ ಹೊತ್ತನ್ನು ಕಳೆದ ಮೇಲೂ ವ್ಯತ್ಯಾಸ ಉಳಿಯುತ್ತದೆ.

ಹಳಿಯವರ ಲೆಕ್ಕ, ರೈಲಿನವರ ಲೆಕ್ಕ ಅಂದೆನಲ್ಲ, ಅಂಥ ಒಂದೊಂದು ಲೆಕ್ಕದ ನೆಲೆಗೆ ಚೌಕಟ್ಟು ಅನ್ನುತ್ತೇವೆ. ಅದನ್ನು ಹೀಗೆ ಊಹಿಸಿಕೊಳ್ಳಿ. ರೈಲಿನ ಉದ್ದಕ್ಕೂ ಮೀಟರಿಗೊಂದು ಗಡಿಯಾರ ಕಟ್ಟಿದ್ದೇವೆ. ಬೆಳಕಿನ ಸಂಕೇತ ಕಳಿಸಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿದ್ದೇವೆ. ಅದು ರೈಲಿನ ಚೌಕಟ್ಟು. ಹಳಿಯ ಪಕ್ಕವೂ ಅಂಥದ್ದೇ ಒಂದು ಸಾಲು. ಘಟನೆ ಎಂದರೆ ಒಂದು ಜಾಗ, ಒಂದು ಕ್ಷಣ. ಸಿಡಿಲು ಬಡಿದಾಗ ಅಲ್ಲೇ ಪಕ್ಕದಲ್ಲಿದ್ದ ಗಡಿಯಾರ ಏನು ತೋರಿಸಿತೋ ಅದೇ ಅದರ ಸಮಯ. ದೂರದಿಂದ ಯಾರೂ ನೋಡಬೇಕಿಲ್ಲ.

ಈಗ ನಾನು ಬೋರ್ಡಿನ ಮೇಲೆ ಬರೆಯುವ ಲೆಕ್ಕ. ನಿಂತಾಗ 625 ಮೀಟರ್ ಇರುವ ರೈಲು, ಬೆಳಕಿನ 0.6 ಪಟ್ಟು ವೇಗದಲ್ಲಿ ಹೋಗುತ್ತಿದೆ. ಓಡುವ ವಸ್ತುವಿನ ಉದ್ದ ನಿಂತವರ ಅಳತೆಗೆ ಕಡಿಮೆಯಾಗುತ್ತದೆ ಅನ್ನುತ್ತದೆ ಸಾಪೇಕ್ಷತೆ; ಹಾಗಾಗಿ ಹಳಿಯವರ ಅಳತೆಗೆ ಅದು 500 ಮೀಟರಿಗೆ ಕುಗ್ಗಿದೆ. ಹಳಿ ಪಕ್ಕ 500 ಮೀಟರ್ ಅಂತರದಲ್ಲಿ ಎರಡು ಕಂಬ. ರೈಲಿನ ಎರಡು ತುದಿ ಎರಡು ಕಂಬದ ಎದುರು ಬಂದ ಆ ಕ್ಷಣಕ್ಕೇ ಸಿಡಿಲು. ಕಂಬಗಳೂ ಸುಟ್ಟವು, ಬೋಗಿಗಳೂ ಸುಟ್ಟವು.

ಈಗ ರೈಲಿನೊಳಗೆ ಬನ್ನಿ. ಇಲ್ಲಿ ರೈಲು ಪೂರ್ತಿ 625 ಮೀಟರ್. ಓಡಿ ಬರುತ್ತಿರುವುದು ಕಂಬಗಳು, ಕುಗ್ಗಿರುವುದೂ ಅವುಗಳ ನಡುವಿನ ಅಂತರವೇ: ಬರೀ 400 ಮೀಟರ್. ಎಂಜಿನ್ ಎದುರಿಗೆ ಮುಂದಿನ ಕಂಬ ಬಂದಾಗ, ಹಿಂದಿನ ಕಂಬ ಕೊನೆಯ ಬೋಗಿಯ ತುದಿ ಮುಟ್ಟಲು ಇನ್ನೂ 225 ಮೀಟರ್ ಬಾಕಿ! ಆ ದೂರಕ್ಕೆ 1.25 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೊಸೆಕೆಂಡ್) ಬೇಕು. ಎರಡೂ ಒಟ್ಟಿಗೆ ಬಡಿದವು ಎಂದು ರೈಲಿನವರು ಹೇಳಲು ಬರುವುದೇ ಇಲ್ಲ. ಈ ಲೆಕ್ಕದಲ್ಲಿ ಕಣ್ಣಿನ ಮಾತು ಎಲ್ಲೂ ಬರಲಿಲ್ಲ, ನೋಡಿ.

ನನ್ನ ಉತ್ತರ ಇಷ್ಟು. ಈ ಕಂಬವೂ ಈ ಬೋಗಿಯೂ ಎದುರುಬದುರಾದಾಗ ಸಿಡಿಲು ಬಡಿಯಿತು. ಇದು ನಿಜ, ಇದನ್ನು ಎಲ್ಲರೂ ಒಪ್ಪುತ್ತಾರೆ. "ಒಂದೇ ಹೊತ್ತಿಗೆ" ಅನ್ನುವುದು ಮಾತ್ರ ಯಾವ ಗಡಿಯಾರದ ಸಾಲಿನಿಂದ ಅಳೆದಿರಿ ಅನ್ನುವುದರ ಮೇಲಿದೆ.

ಇನ್ನೊಂದು ಸಂಗತಿಯನ್ನೂ ಇಬ್ಬರೂ ಒಪ್ಪುತ್ತಾರೆ. 1.25 ಮೈಕ್ರೊಸೆಕೆಂಡಿನಲ್ಲಿ ಬೆಳಕು 375 ಮೀಟರ್ ಹೋಗುತ್ತದೆ. ರೈಲಿನವರಿಗೆ ಎರಡು ಸಿಡಿಲಿನ ನಡುವಿನ ದೂರ 625; ಅದರ ವರ್ಗದಲ್ಲಿ 375ರ ವರ್ಗ ಕಳೆಯಿರಿ. ಸರಿಯಾಗಿ 500ರ ವರ್ಗ ಬರುತ್ತದೆ! ಹಳಿಯವರಿಗೆ ದೂರ 500, ಸಮಯದ ಅಂತರ ಸೊನ್ನೆ. ಅವರ ಉತ್ತರವೂ ಅದೇ. ಐನ್‌ಸ್ಟೈನ್‌ಗೆ ಜ್ಯೂರಿಕ್‌ನಲ್ಲಿ ಗಣಿತ ಕಲಿಸಿದ್ದ ಮಿಂಕೋವ್‌ಸ್ಕಿ 1908ರಲ್ಲಿ ದೇಶ (ಅಂದರೆ ಸ್ಥಳ), ಕಾಲಗಳನ್ನು ಹೀಗೆ ಒಂದಾಗಿ ಹೆಣೆದು ತೋರಿಸಿದರು. ಎಷ್ಟು ವರ್ಷ ಪಾಠ ಮಾಡಿದರೂ ಈ ಸಾಲು ಬರೆಯುವಾಗ ನನಗೆ ಖುಷಿಯಾಗುತ್ತದೆ.

ಗಂಟೆಗೆ 100 ಕಿಲೋಮೀಟರ್ ಓಡುವ ನಮ್ಮ ರೈಲಿನಲ್ಲಿ, ಅದೇ 500 ಮೀಟರಿಗೆ, ಈ ವ್ಯತ್ಯಾಸ ಸುಮಾರು 0.15 ಪಿಕೊಸೆಕೆಂಡ್ (ಸೆಕೆಂಡಿನ ಲಕ್ಷ ಕೋಟಿಯ ಒಂದು ಭಾಗವೇ ಪಿಕೊಸೆಕೆಂಡ್). ನಮ್ಮ ಅನುಭವಕ್ಕೆ ಬಾರದಿರುವುದು ಸಹಜ.

"ಹಾಗಾದ್ರೆ ಕಾರಣ, ಪರಿಣಾಮವೂ ಹಿಂದುಮುಂದಾಗಬಹುದಾ?" ಇದು ಮರುದಿನದ ಪ್ರಶ್ನೆ. ಆಗುವುದಿಲ್ಲ. ಒಂದು ಘಟನೆಯಿಂದ ಹೊರಟ ಬೆಳಕು ಇನ್ನೊಂದನ್ನು ತಲುಪಲು ಸಮಯವಿಲ್ಲದಿದ್ದಾಗ ಮಾತ್ರ ಕ್ರಮ ಬದಲಾಗಬಹುದು. ಕಡ್ಡಿ ಗೀರಿದ್ದು, ಆಮೇಲೆ ದೀಪ ಹತ್ತಿದ್ದು: ಯಾವ ರೈಲಿನ ಗಡಿಯಾರದಿಂದ ಅಳೆದರೂ ಕಡ್ಡಿಯೇ ಮೊದಲು.