ಸೋಲಾರ್ ನೀರು ಸುಡುತ್ತಿದ್ದರೆ ಎಲ್ಲ ತಪ್ಪನ್ನೂ ಬಿಸಿಲಿನ ಮೇಲೆ ಹಾಕಬೇಡಿ

ಸೋಲಾರ್ ಇರುವ ಮೈಸೂರಿನ ಮನೆಗಳಲ್ಲಿ ಚಳಿಗಾಲಕ್ಕೊಂದು ದೂರು, ಬೇಸಿಗೆಗೊಂದು ದೂರು. ಡಿಸೆಂಬರಿನಲ್ಲಿ ಬಿಸಿ ಸಾಲದು, ಶಿವರಾತ್ರಿ ಕಳೆದರೆ ನಲ್ಲಿಗೆ ಕೈ ಒಡ್ಡಲಾಗದು. ಮೊದಲನೆಯದಕ್ಕೆ ಕಂಪನಿಯವರನ್ನು ಕರೆಸುತ್ತೇವೆ. ಎರಡನೆಯದಕ್ಕೆ ಮಾತ್ರ "ತಣ್ಣೀರು ಬೆರೆಸಿಕೊಂಡ್ರಾಯ್ತು" ಅಂದು ಸುಮ್ಮನಾಗುತ್ತೇವೆ. ಹಾಗೆ ಸುಮ್ಮನಾಗಬಾರದು ಎಂಬುದಕ್ಕೆ ನನ್ನ ಹತ್ತಿರ ಕಾರಣವಿದೆ.

ಕುವೆಂಪುನಗರದ ನಮ್ಮ ಮನೆಯಲ್ಲಿ ಅತ್ತೆಯವರಿಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆ. ಬಿಸಿನೀರು ಕಾಲಿನ ಮೇಲೆ ಬಿದ್ದರೆ ಸುಟ್ಟಿದ್ದು ಅವರಿಗೆ ತಿಳಿಯುವುದೇ ಇಲ್ಲ. ಒಂದು ಸಂಜೆ ಕಾಲಿಗೆ ಎಣ್ಣೆ ಹಚ್ಚುವಾಗ ಬೆರಳುಗಳ ಮೇಲ್ಭಾಗದಲ್ಲಿ ಬೊಬ್ಬೆ ಎದ್ದಿರುವುದು ನನ್ನ ಕಣ್ಣಿಗೆ ಬಿತ್ತು. "ಯಾವಾಗ ಆಯ್ತೋ ಕಾಣೆ ಕಣೇ" ಅಂದರು. ಸಕ್ಕರೆ ಇರುವವರ ಕಾಲಿನ ಗಾಯ ಎಷ್ಟು ಕಾಡುತ್ತದೆ ಅನ್ನುವುದು ಅಂಥವರನ್ನು ನೋಡಿಕೊಂಡವರಿಗೆ ಗೊತ್ತು.

60 ಡಿಗ್ರಿ ನೀರು ದೊಡ್ಡವರ ಚರ್ಮವನ್ನು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು. 70 ಆದರೆ ಒಂದು ಸೆಕೆಂಡು ಸಾಕು. 50ಕ್ಕೆ ಇಳಿದರೆ ಅದೇ ಗಾಯಕ್ಕೆ ಸುಮಾರು 5 ನಿಮಿಷ ಬೇಕು. ಮಕ್ಕಳ ಮತ್ತು ವಯಸ್ಸಾದವರ ಚರ್ಮ ತೆಳು, ಅವರಿಗೆ ಇದಕ್ಕಿಂತ ಬೇಗ. ನಮ್ಮ ಬಚ್ಚಲ ನಲ್ಲಿಯ ನೀರನ್ನು ಮಗ್ಗಿಗೆ ಹಿಡಿದು ಅಡುಗೆಮನೆಯ ಡಿಜಿಟಲ್ ಥರ್ಮಾಮೀಟರ್ ಅದ್ದಿದೆ: 74.

ನನಗೆ ಅನುಮಾನ ಹುಟ್ಟಿದ್ದು ಅಲ್ಲೇ. ಅದು ಆಷಾಢ. ಚಾಮುಂಡಿ ಬೆಟ್ಟ ಕಾಣದ ಹಾಗೆ ಮೋಡ, ದಿನವಿಡೀ ಸೋನೆ. ಪ್ಲಂಬರ್ ಬಂದವರು "ಸೋಲಾರ್ ಅಂದ್ರೆ ಹಂಗೇ ಮೇಡಂ, ಕಾಯ್ತದೆ" ಅಂದರು. ಸೂರ್ಯನೇ ಇಲ್ಲದೆ ಕಾಯುವುದು ಹೇಗೆ? ಸೋಲಾರ್ ಟ್ಯಾಂಕಿನೊಳಗೆ ಮಳೆಗಾಲಕ್ಕೆಂದು ಇಟ್ಟ ಕರೆಂಟಿನ ಕಾಯಿಲ್ ಇರುತ್ತದೆ, ಅದನ್ನು ಬ್ಯಾಕಪ್ ಅನ್ನುತ್ತಾರೆ. ನೀರು ನಿಗದಿಯಾದಷ್ಟು ಕಾದ ಮೇಲೆ ಅದನ್ನು ಆಫ್ ಮಾಡಬೇಕಾದದ್ದು ಥರ್ಮೋಸ್ಟಾಟ್. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಮಹಡಿ ಹತ್ತಬೇಕಾಗಿಲ್ಲ. ಮನೆಯ ಬೇರೆಲ್ಲ ಎಂಸಿಬಿ (ಕರೆಂಟು ಬೋರ್ಡಿನ ಸುರಕ್ಷತಾ ಸ್ವಿಚ್ಚು) ಕೆಳಗಿಳಿಸಿ, ಬ್ಯಾಕಪ್ ಒಂದನ್ನೇ ಬಿಟ್ಟು, ಮೀಟರಿನ ಮಿನುಗುವ ಕೆಂಪು ದೀಪ ನೋಡಿ. ನೀರು ಸುಡುವಷ್ಟು ಕಾದ ಮೇಲೂ ದೀಪ ಬಿರುಸಾಗಿ ಮಿನುಗುತ್ತಲೇ ಇದ್ದರೆ ಥರ್ಮೋಸ್ಟಾಟ್ ಕೆಟ್ಟಿದೆ, ಇಲ್ಲವೇ ಅದನ್ನು ತೀರಾ ಹೆಚ್ಚು ಡಿಗ್ರಿಗೆ ಇಟ್ಟಿದ್ದಾರೆ ಎಂದು ಅರ್ಥ. ನಮ್ಮದು ಮಿನುಗುತ್ತಲೇ ಇತ್ತು.

ಥರ್ಮೋಸ್ಟಾಟ್ ತೆಗೆಸಿ ನೋಡಿದಾಗ ಅದರ ಬಿಸಿ ಗ್ರಹಿಸುವ ಕಡ್ಡಿ ಕೂರುವ ಕೊಳವೆಯ ಮೇಲೆ ಬಿಳಿ ಸುಣ್ಣ ದಪ್ಪಗೆ ಕಟ್ಟಿತ್ತು. ನಮ್ಮ ಬೀದಿಯಲ್ಲಿ ಕಾವೇರಿ ನೀರು ಬಾರದ ದಿನ ಬೋರ್‌ನೀರೇ ಗತಿ. ಗಡಸು ನೀರು ಕಾದಷ್ಟೂ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರೆಯಾಗಿ ಬಂದು ಅಂಟಿಕೊಳ್ಳುತ್ತದೆ. ಆ ಪದರದ ಒಳಗಿರುವ ಕಡ್ಡಿಗೆ ನೀರಿನ ಬಿಸಿ ತಡವಾಗಿ ತಟ್ಟುತ್ತದೆ. ಅದೂ ಅಲ್ಲದೆ ಸ್ವಿಚ್ಚಿನ ಸಂಪರ್ಕಬಿಂದುಗಳೇ ಕರಗಿ ಅಂಟಿಹೋಗಿದ್ದವು. ಥರ್ಮೋಸ್ಟಾಟ್ ಬದಲಿಸಿದ್ದಾಯಿತು. ಈ ಕೆಲಸಕ್ಕೆ ಎಲೆಕ್ಟ್ರಿಷಿಯನ್‌ರನ್ನೇ ಕರೆಸಿ. ಮುಚ್ಚಳ ಬಿಚ್ಚುವ ಮೊದಲು ಎಂಸಿಬಿ ಇಳಿಸಿರಬೇಕು, ಅರ್ಥಿಂಗ್ ಸರಿ ಇದೆಯೇ ಎಂದೂ ನೋಡಿಸಬೇಕು.

ಮಳೆಗಾಲದ ಸಮಸ್ಯೆ ಅಲ್ಲಿಗೆ ಮುಗಿಯಿತು. ಆದರೆ ಮುಂದಿನ ಬೇಸಿಗೆಯಲ್ಲಿ ಬ್ಯಾಕಪ್ ಪೂರ್ತಿ ಆಫ್ ಆಗಿದ್ದರೂ ನೀರು ಮತ್ತೆ 70 ದಾಟಿತು. ಈ ಸಲ ನಿಜವಾಗಿಯೂ ಬಿಸಿಲೇ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆಯ ಭಾಗಕ್ಕೆ ಮಧ್ಯಾಹ್ನದ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಗಾಜಿನ ಟ್ಯೂಬಿನ ಎರಡು ಪದರಗಳ ನಡುವೆ ನಿರ್ವಾತ, ಹೀರಿದ ಶಾಖ ಹೊರಗೆ ಹೋಗಲು ದಾರಿಯಿಲ್ಲ. ಟ್ಯೂಬುಗಳ ಸ್ಟ್ಯಾಂಡನ್ನು ಅಕ್ಷಾಂಶಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ಎತ್ತಿ ನಿಲ್ಲಿಸಿದ್ದರೆ ಚಳಿಗಾಲದ ಓರೆ ಬಿಸಿಲು ಚೆನ್ನಾಗಿ ಸಿಗುತ್ತದೆ, ಬೇಸಿಗೆಯ ಅಬ್ಬರವೂ ತುಸು ತಗ್ಗುತ್ತದೆ. ನಮ್ಮದು ಹೆಚ್ಚುಕಡಿಮೆ ಮಲಗಿಕೊಂಡಿದೆ. ಹೊಸದಾಗಿ ಹಾಕಿಸುವವರು ಇದನ್ನು ಬಾಯಿಬಿಟ್ಟು ಕೇಳಿ.

ಇನ್ನೊಂದು ಸಂಗತಿ ಲೆಕ್ಕ ಹಾಕಿದ ಮೇಲೆ ಹೊಳೆಯಿತು. 74 ಡಿಗ್ರಿ ಬಿಸಿನೀರನ್ನು 27ರ ತಣ್ಣೀರಿಗೆ ಬೆರೆಸಿ 40ಕ್ಕೆ ತರಬೇಕಾದರೆ, 20 ಲೀಟರಿನ ಬಕೆಟ್ಟಿಗೆ ಬಿಸಿನೀರು ಬೇಕಾದದ್ದು ಐದಾರು ಲೀಟರ್ ಮಾತ್ರ. ನಮ್ಮ ಟ್ಯಾಂಕು 200 ಲೀಟರ್. ಮೈದುನನ ಸಂಸಾರವೂ ಜೊತೆಗಿದ್ದಾಗ ಹಾಕಿಸಿದ್ದು, ಈಗ ಅವರು ಬೆಂಗಳೂರಿನಲ್ಲಿದ್ದಾರೆ. ಉಳಿದ ಮೂವರ ಸ್ನಾನಕ್ಕೆ 20 ಲೀಟರೂ ಖರ್ಚಾಗದು. ಮಿಕ್ಕ 180 ಲೀಟರ್ ನಾಳೆಯ ಬಿಸಿಲಿಗೆ ಮತ್ತೆ ಕಾಯುತ್ತದೆ. ಕಾದಷ್ಟೂ ಖರ್ಚು ಕಡಿಮೆ, ಖರ್ಚು ಕಡಿಮೆಯಾದಷ್ಟೂ ಇನ್ನೂ ಕಾಯುವುದು. ಈಗ ಮಾರ್ಚ್‌ನಿಂದ ಮೇವರೆಗೆ ಅರ್ಧದಷ್ಟು ಟ್ಯೂಬುಗಳಿಗೆ ನರ್ಸರಿಯವರು ಬಳಸುವ ಶೇಡ್ ನೆಟ್ ಮಡಿಸಿ ಹೊದಿಸುತ್ತೇನೆ. ಬೆಳಗ್ಗೆ ಬಿಸಿಲೇರುವ ಮೊದಲೇ ಹೊದಿಸಬೇಕು. ನೀರು ಖಾಲಿಯಾಗಿ ಬಿಸಿಲಲ್ಲಿ ಕಾದ ಟ್ಯೂಬುಗಳಿಗೆ ನಡುಮಧ್ಯಾಹ್ನ ತಣ್ಣೀರು ಬಿಡಲೇಬೇಡಿ, ಗಾಜು ಸಿಡಿಯುತ್ತದೆ.

ಇಷ್ಟಾದರೂ ಸ್ನಾನದ ನಡುವೆ ನೀರು ಇದ್ದಕ್ಕಿದ್ದಂತೆ ಸುಡುವುದು ನಿಂತಿರಲಿಲ್ಲ. ವಾಷಿಂಗ್ ಮಷಿನ್ ನೀರು ಎಳೆದುಕೊಳ್ಳುವಾಗಲೇ ಹಾಗಾಗುತ್ತಿತ್ತು. ಬಚ್ಚಲ ತಣ್ಣೀರು, ಅಡುಗೆಮನೆ, ಮಷಿನ್ ಎಲ್ಲಕ್ಕೂ ಮೇಲಿನ ಟ್ಯಾಂಕಿನಿಂದ ಇಳಿಯುವ ಪೈಪು ಒಂದೇ. ಅಲ್ಲಿ ನೀರು ಹರಿದರೆ ಇಲ್ಲಿ ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿಗೆ ತಣ್ಣೀರಿನ ಒತ್ತಡ ಕುಸಿದು ಬರೀ ಬಿಸಿನೀರು ನುಗ್ಗುತ್ತದೆ. ಎಷ್ಟೇ ಜಾಗ್ರತೆಯಿಂದ ಬೆರೆಸಿಕೊಂಡರೂ ಇದನ್ನು ತಡೆಯಲಾಗದು. ಬಚ್ಚಲಿಗೆ ತಣ್ಣೀರಿನ ಬೇರೆಯೇ ಪೈಪು ಎಳೆಸಿದೆವು, ಜೊತೆಗೆ ಥರ್ಮೋಸ್ಟಾಟಿಕ್ ಮಿಕ್ಸಿಂಗ್ ವಾಲ್ವ್ ಕೂರಿಸಿದೆವು. ಒಂದು ಬದಿಯಿಂದ ಬಿಸಿ, ಇನ್ನೊಂದು ಬದಿಯಿಂದ ತಣ್ಣೀರು ಒಳಗೆ ಹೋಗಿ, ನಾವು ಇಟ್ಟಷ್ಟೇ ಡಿಗ್ರಿಯ ನೀರು ಹೊರಗೆ ಬರುತ್ತದೆ. ತಣ್ಣೀರು ನಿಂತರೆ ಬಿಸಿಯನ್ನೂ ತಡೆಯುತ್ತದೆ. ಅತ್ತೆಯವರಿಗೆ ಬೇಕಾಗಿದ್ದದ್ದು ಇದೇ.

ಕೊಳ್ಳುವಾಗ ಅದಕ್ಕೆ ಬೇಕಾದ ಕನಿಷ್ಠ ಒತ್ತಡ ಎಷ್ಟೆಂದು ಓದಿ. ಟ್ಯಾಂಕಿನಿಂದ ಹತ್ತು ಅಡಿ ಕೆಳಗೆ ಸಿಗುವುದು ಸುಮಾರು 0.3 ಬಾರ್ ಮಾತ್ರ. ನಮ್ಮ ಬಚ್ಚಲು ನೆಲಮಹಡಿಯಲ್ಲಿದ್ದದ್ದರಿಂದ ಸಾಕಾಯಿತು, ಟ್ಯಾಂಕಿನ ನೇರ ಕೆಳಗಿನ ಮಹಡಿಯವರಿಗೆ ಸಾಲದೆ ಹೋಗಬಹುದು. ಎರಡೂ ಬದಿಗೆ ನೀರು ಹಿಂದಕ್ಕೆ ಹರಿಯಲು ಬಿಡದ ನಾನ್ ರಿಟರ್ನ್ ವಾಲ್ವ್ ಹಾಕಿಸಿ, ಇಲ್ಲದಿದ್ದರೆ ಬಿಸಿನೀರು ತಣ್ಣೀರಿನ ಪೈಪಿಗೆ ನುಗ್ಗಿ ಅಡುಗೆಮನೆಯ ನಲ್ಲಿಯಲ್ಲೂ ಬರುತ್ತದೆ. ಬಿಸಿನೀರಿನ ಪೈಪು ಬಿಸಿ ತಾಳುವ ಪ್ಲಾಸ್ಟಿಕ್ಕಿನ ಸಿಪಿವಿಸಿ ಆಗಿರಲಿ, ಸಾಮಾನ್ಯ ಪಿವಿಸಿ 60 ಡಿಗ್ರಿಯ ಮೇಲೆ ತಾಳುವುದಿಲ್ಲ.

ಟ್ಯಾಂಕಿನ ನೀರನ್ನೇ 40ಕ್ಕೆ ಇಳಿಸಿಬಿಡೋಣ ಅನ್ನುವವರಿದ್ದಾರೆ. ಬೇಡ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದು ಶ್ವಾಸಕೋಶಕ್ಕೆ ಅಪಾಯ. ಟ್ಯಾಂಕಿನಲ್ಲಿ 60 ಇರಲಿ, ನಲ್ಲಿಯ ಹತ್ತಿರ ಇಳಿಸಿಕೊಳ್ಳಿ.

ಬೇಸಿಗೆಯಲ್ಲಿ ಏರ್ ವೆಂಟ್ ಪೈಪಿನಿಂದ ಹಬೆ, ಬಿಸಿನೀರು ಹೊರಬಿದ್ದು ತಾರಸಿ ಒದ್ದೆಯಾಗುತ್ತದೆಂದು ಅದರ ಬಾಯಿಗೆ ಕ್ಯಾಪ್ ಹಾಕುವವರನ್ನೂ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಬೆ ಹೋಗಲು ಇರುವ ದಾರಿ ಅದೊಂದೇ. ಮುಚ್ಚಿದರೆ ಟ್ಯಾಂಕೇ ಬಿರಿಯಬಹುದು.

ನಮ್ಮ ವಾಲ್ವ್ ಈಗ 41ರಲ್ಲಿದೆ. ಅತ್ತೆ "ಎಣ್ಣೆನೀರಿನ ದಿನಕ್ಕಾದರೂ ಒಂಚೂರು ಜಾಸ್ತಿ ಮಾಡೇ" ಅನ್ನುತ್ತಾರೆ, ಅವತ್ತು 43. ಅದರಾಚೆ ನಾನು ತಿರುಗಿಸುವುದಿಲ್ಲ. ಬೋರ್‌ನೀರಿನ ಸುಣ್ಣಕ್ಕೆ ವಾಲ್ವಿನ ಜಾಲರಿ ಬೇಗ ಕಟ್ಟಿಕೊಳ್ಳುತ್ತದೆ, ಹಾಗಾಗಿ ಯುಗಾದಿಗೊಮ್ಮೆ, ದಸರೆಗೊಮ್ಮೆ ಬಿಚ್ಚಿ ವಿನಿಗರಿನಲ್ಲಿ ನೆನೆಸಿ ತೊಳೆದು, ಥರ್ಮಾಮೀಟರಿನಲ್ಲಿ ಮತ್ತೆ ಅಳೆದು ಕೂರಿಸುತ್ತೇನೆ.