ಮಸಾರಿಗೆ ಸರಿ, ಎರೆಗೆ ಕಾಯಬೇಕು

ಕುಷ್ಟಗಿ ಸುತ್ತಲಿನ ದಾಳಿಂಬೆ ತೋಟಗಳಿಗೆ ಹನಿ ನೀರಾವರಿ ಪೈಪು ಜೋಡಿಸಿಕೊಡುವುದು ನನ್ನ ಕೆಲಸ. ಸಣ್ಣ ಕಾರಿನ ಹೊಟ್ಟೆ ಬಂಡಿ ದಾರಿಯ ಕಲ್ಲುಗಳಿಗೆ ತಾಗಿ ತಾಗಿ ಸಾಕಾಗಿತ್ತು. ಬೊಲೆರೊ ಕೊಳ್ಳುತ್ತೇನೆ ಎಂದಾಗ ಭಾವ, "ಮೊದಲು ನನ್ನದನ್ನು ಒಂದು ದಿನ ಓಡಿಸಿ ನೋಡು" ಎಂದು ಕೀಲಿ ಕೊಟ್ಟರು. ಹಿಂದಿನ ರಾತ್ರಿ ಚೆನ್ನಾಗಿ ಮಳೆಯಾಗಿತ್ತು. ನನಗೂ ಅದೇ ಬೇಕಾಗಿತ್ತು.

ಖಾಲಿ ಗಾಡಿಯ ಹಿಂಭಾಗ ಪ್ರತಿ ಗುಂಡಿಗೂ ಪುಟಿಯುತ್ತಿತ್ತು. ಹಿಂದೆ ಇರುವುದು ಲಾರಿಯಲ್ಲಿರುವಂಥ ಕಮಾನು ಪಟ್ಟಿ. ಆದರೆ ಪೈಪಿನ ಸುರುಳಿಗಳು, ಫಿಲ್ಟರು, ಗೊಬ್ಬರದ ಟ್ಯಾಂಕು ಏರಿಸಿದೊಡನೆ ಅದೇ ಗಾಡಿ ಶಾಂತವಾಯಿತು. ಹೊರೆ ಹೊತ್ತಾಗಲೇ ಅದರ ನಡಿಗೆ ಚಂದ. ಹನುಮಸಾಗರದ ಕಡೆಯ ಮಸಾರಿ, ಅಂದರೆ ಕೆಂಪು ಮಣ್ಣಿನ, ನೆಲದಲ್ಲಿ, ಕಲ್ಲು ಎದ್ದ ಏರಿನಲ್ಲಿ, 1.5 ಲೀಟರಿನ ಡೀಸೆಲ್ ಎಂಜಿನ್ ಎರಡನೇ ಗೇರಿನಲ್ಲಿ ನಿಧಾನವಾಗಿ, ಒಮ್ಮೆಯೂ ಉಸಿರು ಕಟ್ಟದೆ ಹತ್ತಿತು. ಹೊಟ್ಟೆಗೆ ಒಂದು ಕಲ್ಲೂ ತಾಗಲಿಲ್ಲ. ಹೆದ್ದಾರಿಗೆ ಬಂದಾಗ ಮಾತ್ರ ಗಾಳಿಗೆ ಅಡ್ಡ ನಿಂತ ಗೋಡೆಯನ್ನು ತಳ್ಳಿದಂತೆನಿಸಿತು. ವೇಗ ಬೇಕಾದವರಿಗೆ ಇದು ಹೇಳಿದ ಗಾಡಿಯಲ್ಲ.

ಮಧ್ಯಾಹ್ನ ಯಲಬುರ್ಗಾ ಕಡೆಯ ಎರೆ, ಅಂದರೆ ಕಪ್ಪು ಮಣ್ಣಿನ, ಹೊಲದ ದಾರಿ ಹಿಡಿದೆ. ನೂರು ಹೆಜ್ಜೆ ಹೋಗುವಷ್ಟರಲ್ಲಿ ಟೈರಿನ ಗೆರೆಗಳಲ್ಲಿ ಮಣ್ಣು ಮೆತ್ತಿ, ನಾದಿದ ಹಿಟ್ಟಿನಂತೆ ಉರುಟಾಗಿ, ಹಿಂಬದಿ ಪಕ್ಕಕ್ಕೆ ಜಾರತೊಡಗಿತು. ಗಾಡಿ ಎಷ್ಟು ಎತ್ತರವಿದ್ದರೇನು, ಎಂಜಿನ್ನಿನ ಬಲ ಹೋಗುವುದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ. ಬದುವಿನ ಮೇಲಿದ್ದ ರೈತರೊಬ್ಬರು ಕೈ ಬೀಸಿದರು. "ತಮ್ಮಾ, ಮಳೆಯಾದ ಮೇಲೆ ಎರಡು ದಿನ ನಾವೇ ಹೊಲಕ್ಕೆ ಕಾಲಿಡುವುದಿಲ್ಲ. ತಿರುಗಿಸಿಕೋ."

ನಾಲ್ಕೂ ಚಕ್ರಕ್ಕೆ ಬಲ ಕೊಡುವ ಥಾರ್ ಕೊಳ್ಳಲೇ ಎಂಬ ಯೋಚನೆ ದಾರಿಯುದ್ದಕ್ಕೂ ಕಾಡಿತು. ಅದರಲ್ಲಿ ನಾಲ್ವರು ಕುಳಿತರೆ ಪೈಪಿಗೆ ಜಾಗವೆಲ್ಲಿ? ರಾತ್ರಿ ಬಿಲ್ಲಿನ ಪುಸ್ತಕ ತೆಗೆದು ಒಂದು ವರ್ಷದ ಕೆಲಸಗಳನ್ನು ಊರೂರಿನಂತೆ ಗುರುತು ಹಾಕಿದೆ. ಬಹುಪಾಲು ಮಸಾರಿಯವೇ. ಎರೆಯ ಕೆಲಸಗಳು ಎರಡು ದಿನ ತಡೆಯುತ್ತವೆ, ರೈತರೇ ತಡೆಯುತ್ತಾರಲ್ಲ.

ಉಳಿದದ್ದು ಅವ್ವನ ಮೊಣಕಾಲು. ಅಷ್ಟೆತ್ತರದ ಬಾಗಿಲಿಗೆ ಅವಳ ಕಾಲು ಏಳಲೇ ಇಲ್ಲ. ನನಗೆ ನಿಜಕ್ಕೂ ಸಂಕಟವಾಯಿತು, ಈ ಒಂದು ಕಾರಣಕ್ಕೇ ಬಿಟ್ಟುಬಿಡೋಣ ಎನಿಸಿತ್ತು. ಅವ್ವ ಅಡುಗೆಮನೆಯಿಂದ ಮಣೆ ತರಿಸಿ, ಅದರ ಮೇಲೆ ಕಾಲಿಟ್ಟು, ನನ್ನ ಹೆಗಲು ಹಿಡಿದು ಹತ್ತಿ ಕುಳಿತಳು. "ಹೊಲ ಕಾಣುತ್ತದೆ ಇಲ್ಲಿಂದ" ಎಂದಳು.

ಮರುವಾರ ಮುಂಗಡ ಕೊಟ್ಟೆ. ಆ ಮಣೆ ಈಗ ಮುಂದಿನ ಸೀಟಿನ ಕೆಳಗೇ ಇರುತ್ತದೆ.